ಎರಡು ಬಾತ್‌ರೂಮಿನ ಮನೆ

"ಮೂಗಿಗೆ ಫಿನಾಯಿಲ್ ವಾಸನೆ ಬರ್ಬೇಕು ಮಾರಾಯ್ತಿ, ನಿನ್ನದಲ್ಲ!" ಬಾತ್‌ರೂಮಿನ ಬಾಗಿಲಲ್ಲಿ ನಿಂತು ಜಲಜಾಕ್ಷಿ ಕೂಗಿದಳು.

ಒಳಗೆ ಸಾಬವ್ವ ಕುಕ್ಕರಗಾಲಲ್ಲಿ ಕೂತು ಕಮೋಡು ಉಜ್ಜುತ್ತಿದ್ದಳು. ಬೆಳಿಗ್ಗೆ ಟಿಟ್ವಾಳಾದಲ್ಲಿ ಲೋಕಲ್ ರೈಲು ಹತ್ತಿ ಠಾಕುರ್ಲಿಯಲ್ಲಿ ಇಳಿದವಳು ಆಗಲೇ ಎರಡು ಮನೆ ಮುಗಿಸಿ ಇಲ್ಲಿಗೆ ಬಂದಿದ್ದಳು. ಇಷ್ಟು ಹೊತ್ತಾದರೂ ಉಚ್ಚೆಗೆ ಹೋಗಿರಲಿಲ್ಲ. ಬಿಲ್ಡಿಂಗಿನ ಎಲ್ಲ ಮನೆಗಳಲ್ಲೂ ಒಂದೇ ಕಾಯಿದೆ: ಕೆಲಸದವಳು ಸಂಡಾಸು ತೊಳೆಯಬೇಕು, ಬಳಸಕೂಡದು.

"ಯಕ್ಕಾರ, ಇವತ್ತೊಂದಿನ ಇಲ್ಲೇ ಹೋಗ್ತೀನ್ರೀ. ತಡ್ಯಾಕ ಆಗವಲ್ದು."

"ಶೀ! ನಾವು ಕೂರುವ ಜಾಗ ಅದು. ಕೆಳಗೆ ವಾಚ್‌ಮನ್ನಿಂದು ಉಂಟಲ್ಲ?"

"ಅದಕ್ಕ ಸೆಕ್ರೆಟರಿ ಸಾಹೇಬ್ರು ಕೀಲಿ ಜಡದಾರ್ರೀ."

"ಹಾಗಾದ್ರೆ ಮನೆಯಲ್ಲೇ ಮುಗಿಸ್ಕೊಂಡು ಬಾ. ಇನ್ನೊಂದು ಸಲ ಕೇಳಿದ್ರೆ ನಾಳೆಯಿಂದ ಬರುದೇ ಬೇಡ."

"ತಿಕ್ಕಾಕ ನನ್ನ ಕೈ ಬೇಕು, ಕುಂಡ್ರಾಕ ನನ್ನ ಕುಂಡಿ ಬ್ಯಾಡ!" ಸಾಬವ್ವ ಕಮೋಡಿಗೇ ಹೇಳಿಕೊಂಡಳು.

ಸಿಟ್ಟು ಬರಬೇಕಿತ್ತು, ನಗು ಬಂತು. ಅವಳ ಹಣೆಬರಹವೇ ಅಷ್ಟು. ಎಲ್ಲಿ ನಗಬಾರದೋ ಅಲ್ಲೇ ಕಿಸಕ್ಕೆನ್ನುವವಳು. ಮಾವನಿಗೆ ಮಣ್ಣು ಕೊಡುವಾಗಲೂ ನಕ್ಕು ಅತ್ತೆಯ ಕೈಲಿ ಏಟು ತಿಂದಿದ್ದಳು. ಆದರೆ ಉಚ್ಚೆ ಕಟ್ಟಿಕೊಂಡಾಗ ನಗುವುದೆಂದರೆ ಗಂಡಾಂತರ. ತೊಡೆ ಬಿಗಿದು, ತುಟಿ ಕಚ್ಚಿ, ಗೋಡೆ ಹಿಡಿದು ನಿಂತಳು. ಅವಳ ಚಾಳಿನಲ್ಲಿ ಪಕ್ಕದ ಖೋಲಿಯ ಬಾಲಮ್ಮ ಹೀಗೆಯೇ ವರ್ಷಗಟ್ಟಲೆ ಕಟ್ಟಿ ಕಿಡ್ನಿ ಕೆಡಿಸಿಕೊಂಡು ಹಾಸಿಗೆ ಹಿಡಿದಿದ್ದಳು. ಅದು ನೆನಪಾಗಿ ಹೆದರಿಕೆಯಾಯಿತು.

ಹಾಲಿನಲ್ಲಿ ಜಲಜಾಕ್ಷಿಯ ಗಂಡ ತಾರಾನಾಥ ಲ್ಯಾಪ್‌ಟಾಪಿನ ಮುಂದೆ ಕೂತಿದ್ದ. ಮನೆಯಲ್ಲೇ ಕೂತು ಹೊರದೇಶದ ಕಂಪನಿಗೆ ದುಡಿಯುವವನು. ತನ್ನಂಥವರಿಗೆ ಯಾವ ಊರು ಅಗ್ಗ, ಯಾವ ಊರು ಸುಖ ಎಂದು ತೂಗಿ ಹೇಳುವುದೇ ಅವನ ಕೆಲಸ. ಇಂದು ಬಾಲಿಯಿಂದ ಒಬ್ಬ, ಲಿಸ್ಬನ್ನಿನಿಂದ ಒಬ್ಬಳು ಪರದೆಯ ಮೇಲೆ ಬಂದು ಡೊಂಬಿವಲಿ ಕಡೆಯ ಬದುಕು ನೋಡುತ್ತಿದ್ದರು.

"ಲಿಸ್ಬನ್ನಿನಲ್ಲಿ ಕಮೋಡು ಅವ್ರವ್ರೇ ತೊಳಿಬೇಕಂತೆ!" ಜಲಜಾಕ್ಷಿ ಹೆಮ್ಮೆಯಿಂದ ವರದಿ ಒಪ್ಪಿಸಿದಳು. "ನಿನ್ನ ಪಗಾರ ಕೇಳಿ ನಂಬುದೇ ಇಲ್ಲ ಅವ್ರು."

ಊರು ತೂಗುವುದು ಸಾಬವ್ವನಿಗೂ ಬರುತ್ತಿತ್ತು. ಠಾಣೆ ಊರಲ್ಲಿ ಕಾಸು ಕೊಟ್ಟರೂ ಸಂಡಾಸಿನ ಬಾಗಿಲಿಗೆ ಚಿಲಕವಿಲ್ಲ. ಕಲ್ಯಾಣದಲ್ಲಿ ಚಿಲಕವಿದೆ, ನೀರಿಲ್ಲ. ಉಲ್ಹಾಸನಗರದ ಬಜಾರಿನಲ್ಲಿ ಎರಡೂ ಇವೆ, ಎದುರಿಗೆ ಗಂಡಸರು ಬೀಡಿ ಸೇದುತ್ತ ನಿಂತಿರುತ್ತಾರೆ. ಎಲ್ಲಕ್ಕಿಂತ ಚೊಕ್ಕ ಈ ಮನೆ, ತೊಳೆದವಳು ತಾನೇ. ಅಯ್ಯೋ ಶಿವನೇ, ಮತ್ತೆ ನಗು!

"ಸಾಬವ್ವಾ, ಇಲ್ಲಿ ಬಾ, ಕೈ ಬೀಸು!" ಎಂದ ತಾರಾನಾಥ. ಅವಳು ಬ್ರಶ್ಶು ಹಿಡಿದ ಕೈಯನ್ನೇ ಬೀಸಿದಳು. ಪರದೆಯ ಬಿಳಿಯರೂ ಬೀಸಿದರು. ತಾರಾನಾಥ ಇಂಗ್ಲಿಷಿನಲ್ಲಿ ಏನೋ ಹೇಳಿದ. ಅದರಲ್ಲಿ "ಚೀಪ್" ಅವಳಿಗೆ ತಿಳಿಯಿತು. ಬಜಾರಿನಲ್ಲಿ ಹಳೇ ಬಟ್ಟೆಯ ರಾಶಿಗೆ ಕೂಗುವ ಮಾತು. ಬೀಸುತ್ತಿದ್ದ ಕೈ ಇಳಿಸಿದಳು.

"ಟೂ ಬಾತ್‌ರೂಮ್ಸ್!" ಎನ್ನುತ್ತ ಅವನು ಅವರಿಗೆ ತೋರಿಸಲು ಲ್ಯಾಪ್‌ಟಾಪ್ ಎತ್ತಿಕೊಂಡು ಬಾತ್‌ರೂಮಿನ ಕಡೆ ಹೊರಟ. ಸಾಬವ್ವ ಸೆರಗು ಬಿಗಿದು ಅವನ ಮುಂದೆಯೇ ಓಡಿದಳು. ಒಳಗೆ ನುಗ್ಗಿ ಚಿಲಕ ಜಡಿದಳು.

"ಏಯ್! ಎಂಥ ಮಾಡ್ತಿ ಒಳಗೆ?" ಜಲಜಾಕ್ಷಿ ಬಾಗಿಲು ಗುದ್ದಿದಳು. "ತೆಗಿಯೇ ರಂಡೆ!"

ಸಾಬವ್ವ ಸೀರೆ ಎತ್ತಿ, ತಾನೇ ಫಳಫಳ ಮಾಡಿದ ಕಮೋಡಿನ ಮೇಲೆ ಮಹಾರಾಣಿಯ ಹಾಗೆ ಕೂತಳು. ಬೆಳಗಿನಿಂದ ಕಟ್ಟಿಕೊಂಡದ್ದೆಲ್ಲ ಭೋರೆಂದು ಹೊರಟಿತು. ಜೊತೆಗೆ ನಗುವೂ. ಇನ್ನು ಅದನ್ನು ತಡೆಯುವ ದರಕಾರಿರಲಿಲ್ಲ. ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಹೊರಗೆ ಲಿಸ್ಬನ್ನಿನವಳು ಏನೋ ಕೇಳಿದಳು. ತಾರಾನಾಥ ತೊದಲಿದ.

"ನಾಳೆಯಿಂದ ಕೆಲ್ಸ ಇಲ್ಲ ನಿಂಗೆ!" ಎಂದು ಜಲಜಾಕ್ಷಿ ಅರಚಿದಳು.

"ಬರಾಂಗಿಲ್ಲ ಬಿಡ್ರಿ!" ಎಂದವಳೇ ಸಾಬವ್ವ, ಚಾಳಿನ ಸಂಡಾಸಿನಲ್ಲಿ ಕೂತವರು ಕೂಗುವಂತೆ ಗಂಟಲು ಹರಿದು ಕೂಗಿದಳು: "ಬಾಗಲಾ ಬಡೀಬ್ಯಾಡ್ರಿ! ಒಳಗ ಮಂದಿ ಅದಾರ! ಪಾಳಿ ಹಚ್ಚಿ ನಿಂದರ್ರಿ!"

ಏಳಲು ಅವಳಿಗೆ ಯಾವ ಅವಸರವೂ ಇರಲಿಲ್ಲ.