ಸೂರ್ಯನಿಗೆ ಸೇರಬೇಕಾದ ಕಣ್ಣು

ಇಡೀ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಸೂರ್ಯನನ್ನು ಆರು ತಿಂಗಳು ಕಾಯಿಸಿದವಳು ನಾನೊಬ್ಬಳೇ. ಇದರಲ್ಲಿ ಅರ್ಧ ಸುಳ್ಳು. ಅವನು ದಿನವೂ ಹೊತ್ತಿಗೆ ಸರಿಯಾಗಿ ಬಂದು ಹೋಗುತ್ತಿದ್ದ. ಕಾದಿರು ಅಂತ ನಾನು ಹೇಳುತ್ತಿದ್ದದ್ದು ಮಾತ್ರ ನಿಜ.

ನಮ್ಮ ಯಜಮಾನರ ಹೆಸರು ದೊಡ್ಡಯ್ಯ. ಅವರು ಬದುಕಿದ್ದಾಗ ನಾನು ಹೆಸರು ಹೇಳಿದವಳಲ್ಲ. ಈಗ ಹೇಳಿದರೆ ಬೈಯುವವರು ಯಾರು? ಬೇಗೂರಿನ ಹತ್ತಿರ ನಮ್ಮದು ಎರಡು ಎಕರೆ ಹೊಲ. ಅದರ ತುಂಬ ಸೂರ್ಯಕಾಂತಿ. ಹೂ ಬಿಟ್ಟಾಗ ಎಷ್ಟು ಹಳದಿ ಅಂದರೆ, ಮೈಸೂರಿನವರೆಗೂ ದೀಪ ಹಚ್ಚುವುದು ಬೇಕಿರಲಿಲ್ಲ. ಬೆಳಿಗ್ಗೆ ಎದ್ದವರೇ ಅವರು ಬದುವಿನ ಮೇಲೆ ಮೂಡಣಕ್ಕೆ ಮುಖ ಮಾಡಿ ನಿಂತು, ಎರಡೂ ಅಂಗೈಗಳಿಂದ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಬಿಸಿಲು ಕೈಗೆ ಬೆಚ್ಚಗೆ ತಾಗಿದ ಮೇಲೆ ಕೈ ತೆಗೆದು, ಸೂರ್ಯನಿಗೆ ಹೇಳುತ್ತಿದ್ದರು:

“ನಿಂದು ನಿಂಗೇ ಕಣಪ್ಪ. ಬೈಗುಗಂಟ ನನ್ ತಾವ ಇರ್ಲಿ.”

ಊರಿನ ಜೋಯಿಸರು ಅವರ ತಲೆಗೆ ತುಂಬಿದ್ದು ಇದು. ವೇದದಲ್ಲಿ ಹಾಗೆ ಇದೆಯಂತೆ. ಕಣ್ಣು ಸೂರ್ಯನದು, ಉಸಿರು ಗಾಳಿಯದು, ಮನಸ್ಸು ಚಂದ್ರನದು. ಸತ್ತ ಮೇಲೆ ಒಂದೊಂದೂ ಅದರದರ ಮನೆಗೆ ವಾಪಸ್ಸು ಹೋಗಬೇಕು. ಇದರಿಂದ ನಮ್ಮ ಯಜಮಾನರಿಗೆ ಅನುಕೂಲವೂ ಇತ್ತು. ಬೇಗೂರಿಗೆ ಹೋಗಿ ಉಪ್ಪು ಮರೆತು ಬಂದರೆ, ಮನಸ್ಸು ಚಂದ್ರನದಲ್ಲವಾ, ಅಮಾವಾಸ್ಯೆ ಹತ್ತಿರ ಬಂತು ನೋಡು ಎನ್ನುತ್ತಿದ್ದರು. ನನಗೆ ರೇಗಿ ಒಂದು ದಿನ ಕೇಳಿದೆ:

“ಅಂಗಾದ್ರೆ ಈ ನಾಲ್ಗೆ ಯಾರ್ದು?”

“ಬೆಂಕಿದು ಕಣಮ್ಮಿ,” ಅಂದರು. “ನಿಂದಂತೂ ಎಲ್ಡ್ ಒಲೆ ಬೆಂಕಿ.”

ಆ ದಿನ ಅವರಿಗೆ ಉಪ್ಪಿಲ್ಲದ ಸಾರೇ ಬಡಿಸಿದೆ. ಎರಡು ಸಲ ಹಾಕಿಸಿಕೊಂಡು ಉಂಡರು.

ಮೂರು ವರ್ಷದ ಹಿಂದೆ, ಸಂಕ್ರಾಂತಿ ಕಳೆದ ವಾರ, ಚಾಮರಾಜನಗರದ ಆಸ್ಪತ್ರೆಯಲ್ಲಿ ತೀರಿಕೊಂಡರು. ಮಗಳು ಭಾನು ನನ್ನ ಕೈ ಹಿಡಿದು, ಅಪ್ಪನ ಕಣ್ಣು ದಾನ ಮಾಡೋಣವೇ, ಇಬ್ಬರಿಗೆ ಬೆಳಕಾಗುತ್ತೆ ಎಂದು ಕೇಳಿದಳು. ಅಳುತ್ತಲೇ ತಲೆಯಾಡಿಸಿದೆ.

ಮಾರನೆಯ ದಿನ ಹೆಣ ಎತ್ತುವ ಮುಂಚೆ, ಅಂಗಳದಲ್ಲಿ ಜೋಯಿಸರು ಮಂತ್ರ ಹೇಳಿ ಭಾನುವಿಗೆ ಅರ್ಥ ಬಿಡಿಸಿದರು. ಉಸಿರು ಗಾಳಿಗೆ ಹೋಗಲಿ, ಕಣ್ಣು ಸೂರ್ಯನಿಗೆ ಹೋಗಲಿ. ನಾನು ಯಜಮಾನರ ಮುಚ್ಚಿದ ರೆಪ್ಪೆ ನೋಡಿದೆ. ಕಣ್ಣು ಇಲ್ಲಿ ಎಲ್ಲಿದೆ? ಐವತ್ತು ವರ್ಷ ದಿನವೂ ‘ನಿಂದು ನಿಂಗೇ’ ಎಂದ ಮನುಷ್ಯನನ್ನು ಸೂರ್ಯನ ಬಾಗಿಲಿಗೆ ನಾನು ಬರಿಗೈಯಲ್ಲಿ ಕಳಿಸಿಬಿಟ್ಟಿದ್ದೆ. ಇದನ್ನು ಯಾರ ಹತ್ತಿರವೂ ಹೇಳಲಿಲ್ಲ. ಭಾನು ನೊಂದುಕೊಳ್ಳುತ್ತಾಳಲ್ಲ.

ಅವತ್ತಿನಿಂದ ಅವರ ಜಾಗದಲ್ಲಿ ನಾನು ಬದುವಿನ ಮೇಲೆ ನಿಲ್ಲತೊಡಗಿದೆ. ಕಣ್ಣು ತಡವಾಗಿ ಬರುತ್ತೆ, ಅವರನ್ನು ಬಾಗಿಲಲ್ಲಿ ನಿಲ್ಲಿಸಬೇಡ, ಒಳಗೆ ಕೂರಿಸಿ ಕಾದಿರು ಎಂದು ಸೂರ್ಯನಿಗೆ ದಿನವೂ ಹೇಳುತ್ತಿದ್ದೆ. ಬಸ್ಸಿನಲ್ಲಿ ಕೂತರೆ ಸಿಕ್ಕಿದವರ ಕಣ್ಣನ್ನೆಲ್ಲ ನೋಡುತ್ತಿದ್ದೆ. ಸಾವಿರ ಕಣ್ಣು ನೋಡಿದ್ದೇನೆ, ಲಕ್ಷವೇ ಇರಬೇಕು. ಒಬ್ಬ ಕಂಡಕ್ಟರ್ ಹೆದರಿ ಟಿಕೆಟ್ ಕೊಡುವುದನ್ನೇ ಮರೆತ.

ಅದೇ ವರ್ಷ ಆಷಾಢದಲ್ಲಿ ರವಿಕೆ ಹೊಲಿಸಲು ಗುಂಡ್ಲುಪೇಟೆಗೆ ಹೋದೆ. ಹೊಲಿಯುವ ನಜೀಮಾಳಿಗೆ ಬಲಗಣ್ಣಿನಲ್ಲಿ ಚಿಕ್ಕಂದಿನಿಂದ ಬಿಳಿ ಕಲೆ ಕೂತು ಕಾಣುತ್ತಿರಲಿಲ್ಲ. ಅವತ್ತು ನೋಡಿದರೆ ಕಣ್ಣು ತಿಳಿಯಾಗಿದೆ. ಸಂಕ್ರಾಂತಿ ಆದಮೇಲೆ ಆಪರೇಷನ್ ಆಯಿತು, ಯಾರೋ ಪುಣ್ಯಾತ್ಮರು ಕೊಟ್ಟ ಕಣ್ಣು ಎಂದಳು. ಯಾರದು ಎಂದು ಮೂರು ಸಲ ಕೇಳಿದೆ.

“ಅದು ಹೇಳಲ್ಲ ದೊಡ್ಡಮ್ಮ, ಆಸ್ಪತ್ರೆಯವ್ರು,” ಅಂದಳು ನಜೀಮಾ. “ಪಟ್ಟಿ ಬಿಚ್ಚಿದಾಗ ಮೊದ್ಲು ಕಂಡಿದ್ದು ಕಿಟಕಿ ಬಿಸ್ಲು. ಡಾಕ್ಟ್ರು ಬೈದ್ರೂ ಅದ್ನೇ ನೋಡ್ತಾ ಕೂತ್ಬುಟ್ಟೆ.”

ನಾನು ಅಲ್ಲೇ ಬಟ್ಟೆ ಗಂಟಿನ ಮೇಲೆ ಕೂತೆ. ರವಿಕೆ ಅಳತೆ ಕೊಡುವುದೂ ಮರೆತುಹೋಯಿತು. ಅವತ್ತು ಅಮಾವಾಸ್ಯೆಯೇನೂ ಹತ್ತಿರ ಇರಲಿಲ್ಲ.

ಸೂರ್ಯಕಾಂತಿ ನೋಡೋಣ ಬಾ ಎಂದು ಅವಳನ್ನು ಊರಿಗೆ ಕರೆದೆ. ಯಜಮಾನರ ಮಾತನ್ನಾಗಲಿ, ಬದುವಿನ ಮೇಲೆ ನಿಲ್ಲುತ್ತಿದ್ದುದನ್ನಾಗಲಿ ಅವಳಿಗೆ ಹೇಳಿರಲಿಲ್ಲ. ಶುಕ್ರವಾರ ಮೊದಲ ಬಸ್ಸಿಗೇ ಬಂದಳು. ಹೊಲದ ಹೂವೆಲ್ಲ ಮೂಡಣಕ್ಕೆ ಮುಖ ಮಾಡಿ ನಿಂತಿದ್ದವು. ಅವಳೂ ಬದು ಹತ್ತಿ ಅವುಗಳ ಹಾಗೇ ನಿಂತಳು. ಸೂರ್ಯ ಗುಡ್ಡದ ಮೇಲೆ ಬಂದ. ಬೆಳಕು ಚುಚ್ಚಿತೋ ಏನೋ, ನಜೀಮಾ ಎರಡೂ ಅಂಗೈಗಳಿಂದ ಕಣ್ಣು ಮುಚ್ಚಿಕೊಂಡಳು. ಸ್ವಲ್ಪ ಹೊತ್ತು ಹಾಗೇ ಇದ್ದು, ಮೆಲ್ಲಗೆ ಕೈ ತೆಗೆದು ನೋಡಿದಳು.

ಅದು ಅವರದೇ ಕಣ್ಣೋ ಅಲ್ಲವೋ, ಆಣೆಯಿಟ್ಟು ಹೇಳಲಾರೆ. ಆದರೆ ಆರು ತಿಂಗಳಿಂದ ದಿನವೂ ಕಾದಿರು ಎಂದು ಹೇಳುತ್ತಿದ್ದವಳು ನಾನು. ಅವತ್ತು ಅವಳ ಪಕ್ಕದಲ್ಲಿ ನಿಂತು ಸೂರ್ಯನಿಗೆ ಬೇರೆಯೇ ಒಂದು ಮಾತು ಹೇಳಿದೆ. ನಮ್ಮ ಯಜಮಾನರದೇ ಎರಡು ಶಬ್ದ. ಏನಿರಬಹುದು, ಹೇಳಿ ನೋಡೋಣ.