ಸುಟ್ಟದ

ಚಿತ್ತಾಪುರದಲ್ಲಿ ಬಲ್ಬು ಹೋದರೂ ಸುಟ್ಟದ ಅನ್ನುತ್ತಾರೆ, ಬೋರಿನ ಮೋಟಾರು ನಿಂತರೂ ಸುಟ್ಟದ ಅನ್ನುತ್ತಾರೆ. ಕರೆಂಟಿನ ಸಾಮಾನು ಯಾವುದೇ ಇರಲಿ, ಕೈಕೊಟ್ಟಿತು ಅಂದರೆ ಸುಟ್ಟಿತು. ಬೆಂಕಿಗೂ ಆ ಮಾತಿಗೂ ಸಂಬಂಧವೇ ಇರಬೇಕೆಂದಿಲ್ಲ. ಇಷ್ಟು ಸಣ್ಣ ಸಂಗತಿ ತಿಳಿಯದವರ ಕೈಗೆ ಸಿಕ್ಕು, ನಾಹಿದಳಿಗೆ ಎರಡು ದಿನದಿಂದ ಗಂಟಲಲ್ಲಿ ಅನ್ನ ಇಳಿದಿರಲಿಲ್ಲ.

ನಾಹಿದ ಕಂಪ್ಯೂಟರ್ ರಿಪೇರಿ ಮಾಡುವವಳು. ಬಸ್ ಸ್ಟ್ಯಾಂಡಿನ ಹಿಂದೆ ಅಪ್ಪ ಮೌಲಾಲಿಯ ಗಡಿಯಾರದ ಅಂಗಡಿಯಲ್ಲೇ ಅರ್ಧ ಜಾಗ ಅವಳದು. "ಹೆಣ್ಮಗಳು ಮಷೀನ್ ಬಿಚ್ಚಿದ್ಲಂದ್ರ ಮುಗೀತು ಅದರ ಕತಿ" ಎಂದು ಊರು ಹಲ್ಲು ಕಿಸಿಯುತ್ತಿದ್ದಾಗ, ಹೈಸ್ಕೂಲು ಕಮಿಟಿಯ ಅಧ್ಯಕ್ಷ ನಾಗೇಂದ್ರಪ್ಪನವರು ಶಾಲೆಯ ಹತ್ತು ಹಳೆಯ ಕಂಪ್ಯೂಟರುಗಳ ರಿಪೇರಿಯನ್ನು ಅವಳಿಗೇ ಒಪ್ಪಿಸಿದ್ದರು. ಮೊದಲನೆಯದಕ್ಕೆ ಹೊಸ ಪವರ್ ಸಪ್ಲೈ ಹಾಕಿದಳು. ಹನ್ನೆರಡನೆಯ ದಿನಕ್ಕೆ ಅದು ತಣ್ಣಗಾಯಿತು. ವಾರಂಟಿ ಇತ್ತಲ್ಲ, ಧೈರ್ಯವಾಗಿ ಕಂಪನಿಗೆ ಫೋನ್ ಮಾಡಿದಳು. "ಏನಾಗಿದೆ ಮೇಡಂ?" ಎಂದು ಆ ಕಡೆಯ ಹುಡುಗಿ ನಯವಾಗಿ ಕೇಳಿದಳು.

"ಸುಟ್ಟದರಿ," ಅಂದಳು ನಾಹಿದ.

ಪವರ್ ಸಪ್ಲೈ ಶಹಾಬಾದಿನ ಸರ್ವಿಸ್ ಸೆಂಟರಿಗೆ ಹೋಯಿತು. ಬಿಲ್ಲು ಶಾಲೆಯ ಹೆಸರಿನಲ್ಲಿದ್ದುದರಿಂದ ಉತ್ತರ ನೇರ ಶಾಲೆಗೇ ಬಂತು: 'ಸುಟ್ಟಿದೆ ಎಂದು ಗ್ರಾಹಕರೇ ಒಪ್ಪಿಕೊಂಡಿದ್ದಾರೆ. ಜೋಡಿಸಿದವರ ತಪ್ಪಿನಿಂದ ಸುಟ್ಟದ್ದಕ್ಕೆ ವಾರಂಟಿ ಅನ್ವಯಿಸುವುದಿಲ್ಲ.'

ನಾಗೇಂದ್ರಪ್ಪನವರು ಆ ಕಾಗದವನ್ನು ಅವಳ ಮುಂದಿಟ್ಟರು. "ನೋಡವಾ, ನನಗ ನಿನ್ನ ಮ್ಯಾಲ ಭರೋಸಾ ಅದ. ಆದ್ರ ಶನಿವಾರ ಸಂಜಿಗಿ ಕಮಿಟಿ ಕುಂದರತದ. ಅಲ್ಲಿ ಇದನ್ನ ಓದಿದ್ರಂದ್ರ ಉಳಿದ ಒಂಬತ್ತೂ ಗುಲಾಮ್ ರಸೂಲನ ರಿಪೇರಿ ಅಂಗಡಿಗಿ ಹೋಗತಾವ. ತಪ್ಪು ನಿಂದಲ್ಲಂತ ಬರಸ್ಕೊಂಡು ಬಾ."

ಒಂಬತ್ತು ಹೋದರೆ ಹೋಗಲಿ. ಆಮೇಲೆ ಊರಲ್ಲಿ ಯಾರು ತಾನೇ ಅವಳ ಕೈಗೆ ಒಂದು ಮೌಸ್ ಆದರೂ ಕೊಟ್ಟಾರು?

ಶನಿವಾರ ಬೆಳಿಗ್ಗೆ ರೈಲು ಹತ್ತಿದಳು. ವಾಡಿಯಲ್ಲಿ ಇಳಿದು ಇನ್ನೊಂದು ಗಾಡಿಗೆ ಕಾಯುವಾಗ ಮನಸ್ಸು ಕೆಟ್ಟದ್ದನ್ನೇ ನೆನೆಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಹಾಗೆ ಅವಳು ತನ್ನ ಬೆರಳುಗಳನ್ನೇ ನೋಡಿಕೊಂಡಳು. ವೈರು ತಿರುವುಮುರುವಾಗಿ ಕೂರಿಸಿದೆನೇ? ಅಂದು ಕರೆಂಟು ಎರಡು ಸಲ ಹೋಗಿ ಬಂದಿತ್ತು, ಆಗ ನಾನು ಸ್ವಿಚ್ ಆಫ್ ಮಾಡಿದ್ದೆನೇ? ಎಷ್ಟು ನೆನೆದರೂ ನೆನಪಾಗಲಿಲ್ಲ.

ಸರ್ವಿಸ್ ಸೆಂಟರಿನ ಮ್ಯಾನೇಜರ್ ಸಂತೋಷಕುಮಾರ ಮೈಸೂರು ಕಡೆಯವನು, ಬಂದು ತಿಂಗಳಾಗಿರಲಿಲ್ಲ. ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಹೇಳಿದ, "ನೀವೇ ಹೇಳಿದ್ದೀರಲ್ಲ ಮೇಡಂ. ರೆಕಾರ್ಡಿಂಗ್ ಇದೆ."

ಕೇಳಿಸಿಯೂ ಬಿಟ್ಟ. "ಸುಟ್ಟದರಿ." ಅವಳದೇ ದನಿ, ಅನುಮಾನವೇ ಇಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಸರ್, ನಮ್ಮ ಕಡಿ ಸುಟ್ಟದ ಅಂದ್ರ ಕೆಟ್ಟದ ಅಂತ್ರಿ. ಬೆಂಕಿ ಹತ್ತ್ಯದ ಅಂತಲ್ಲ."

ಅವನು ನಕ್ಕ. "ಮೇಡಂ, ಕನ್ನಡ ನನಗೂ ಬರುತ್ತೆ."

ನಾಹಿದಳಿಗೆ ಮೈಯೆಲ್ಲ ಉರಿಯಿತು. ಬರುತ್ತದಂತೆ ಕನ್ನಡ! ಅಳು ನುಂಗಿ ಮೇಲೆ ನೋಡಿದಳು. ನೆತ್ತಿಯ ಮೇಲೆ ಫ್ಯಾನು ಸುಮ್ಮನೆ ನಿಂತಿತ್ತು, ಕೆಳಗೆ ಎಲ್ಲರೂ ಬೆವರುತ್ತಿದ್ದರು. ಬಾಗಿಲಲ್ಲಿ ಕಾವಲುಗಾರ ಮುದುಕ ವಿಠೋಬಾ ರಟ್ಟಿನಿಂದ ಗಾಳಿ ಬೀಸಿಕೊಳ್ಳುತ್ತ ಕುಳಿತಿದ್ದ.

"ಮುತ್ಯಾ, ಈ ಫ್ಯಾನ್ ಯಾಕ ತಿರಗವಲ್ದು?" ಎಂದು ದನಿ ಎತ್ತಿ ಕೇಳಿದಳು.

"ಸುಟ್ಟದವಾ. ನಾಕ ದಿನಾ ಆತು."

"ಹೊಗಿ ಬಂದಿತ್ತೇನು?"

"ಹೊಗಿ ಎಲ್ಲಿಂದ ಬರತದ? ಸುಮ್ನ ನಿಂತದ. ಇವತ್ತ ಮುಂಜಾನಿ ಟ್ಯೂಬ್ ಲೈಟೂ ಸುಟ್ಟದ."

ಸಂತೋಷಕುಮಾರನ ಕರ್ಚೀಫು ಕುತ್ತಿಗೆಯಲ್ಲೇ ನಿಂತಿತು. ಅವನು ಫ್ಯಾನ್ ನೋಡಿದ, ಮುದುಕನನ್ನು ನೋಡಿದ, ಆಮೇಲೆ ಒಂದು ಫಾರಂ ಎಳೆದ. "ಸರಿ, ಬಿಚ್ಚಿ ನೋಡೋಣ. ಆದರೆ ಒಳಗೆ ಕಪ್ಪಾಗಿದ್ದರೆ ತಪ್ಪು ನಿಮ್ಮದೇ ಅಂತ ಶಾಲೆಗೆ ಇನ್ನೊಂದು ಪತ್ರ ಹೋಗುತ್ತೆ. ಒಪ್ಪಿಗೆಯಾದರೆ ಸಹಿ ಹಾಕಿ."

ಈಗ ಎದ್ದು ಹೋದರೆ ತಪ್ಪು ತನ್ನದಲ್ಲವೇನೋ ಎಂಬ ಅನುಮಾನವಾದರೂ ಉಳಿಯುತ್ತದೆ. ಬಿಚ್ಚಿದಾಗ ಕಪ್ಪು ಕಂಡರೆ ಅದೂ ಉಳಿಯುವುದಿಲ್ಲ. ಪೆನ್ನು ಬೆವರಿಗೆ ಜಾರಿತು. ಎರಡನೆಯ ಸಲಕ್ಕೆ ಸಹಿ ಬಿತ್ತು.

ನಾಲ್ಕು ಸ್ಕ್ರೂ. ಒಂದೊಂದೂ ಮೇಜಿನ ಮೇಲೆ ಟಣ್ ಎಂದಾಗ ಅವಳ ಎದೆಯೂ ಟಣ್ ಅನ್ನುತ್ತಿತ್ತು. ಮುಚ್ಚಳ ತೆಗೆದ ಸಂತೋಷಕುಮಾರ ಮೂಗು ಹತ್ತಿರ ತಂದು ಮೂಸಿದ. ಟಾರ್ಚ್ ಹಿಡಿದ. ಮತ್ತೆ ಮೂಸಿದ. ನಾಹಿದಳಿಗೆ ನೋಡಲು ಧೈರ್ಯ ಬರಲಿಲ್ಲ, ಗೋಡೆಯ ಕ್ಯಾಲೆಂಡರನ್ನೇ ದಿಟ್ಟಿಸಿದಳು.

"ಬನ್ನಿ ಇಲ್ಲಿ," ಅಂದ ಕೊನೆಗೆ. ಸಣ್ಣ ದನಿ. "ಈ ವೈರಿಗೆ ಫ್ಯಾಕ್ಟರಿಯಲ್ಲೇ ಬೆಸುಗೆ ಸರಿಯಾಗಿ ಹತ್ತಿಲ್ಲ. ಬಿಟ್ಟುಕೊಂಡಿದೆ. ಒಂದು ಕಪ್ಪು ಚುಕ್ಕೆಯೂ ಇಲ್ಲ."

ಹೊಸ ಪತ್ರ ಬರೆಯಲು ಕುಳಿತವನು ತಲೆ ಎತ್ತಿದ. "ನಿಮ್ಮ ದೂರು ಏನಂತ ಬರೀಲಿ ಮೇಡಂ?"

ನಾಹಿದ ಬಾಯಿ ತೆರೆದು ಗಕ್ಕನೆ ಮುಚ್ಚಿಕೊಂಡಳು. ನಾಲಿಗೆಯ ತುದಿಗೆ ಬಂದಿದ್ದು ಅದೇ ಮಾತು. "ಚಾಲೂ ಆಗಂಗಿಲ್ಲ ಅಂತ ಬರೀರಿ," ಅಂದಳು. "ಅಷ್ಟೇ ಬರೀರಿ."

ವಾಪಸು ಗಾಡಿ ತಡವಾಯಿತು. ವಾಡಿಯ ಪ್ಲಾಟ್‌ಫಾರ್ಮಿನಲ್ಲೇ ಸಂಜೆ ಐದಾಯಿತು, ಫೋನೂ ಬಂತು.

"ಎಲ್ಲಿದ್ದೀ ಅವ್ವಾ? ಕಮಿಟಿ ಕುಂತದ, ಎಲ್ಲಾರೂ ಕೇಳಾಕತ್ತಾರ," ಎಂದರು ನಾಗೇಂದ್ರಪ್ಪ.

ಎರಡು ದಿನದಿಂದ ತಡೆದಿದ್ದ ಅಳು ಆಗಲೇ ಕಿತ್ತುಕೊಂಡು ಬರಬೇಕೆ!

"ಯಾಕವಾ, ಅಳಾಕತ್ತೀ? ಖರೇನೇ ಸುಟ್ಟದೇನು ಅದು?"

"ಸುಟ್ಟದರಿ ಕಾಕಾ," ಅಂದಳು ನಾಹಿದ, ದುಪಟ್ಟಾದಿಂದ ಮೂಗು ಒರೆಸಿಕೊಳ್ಳುತ್ತ. "ಆದ್ರ ಸುಟ್ಟಿಲ್ಲರಿ. ಹಂಗಂತ ಬರಸ್ಕೊಂಡು ಬರಾಕತ್ತೀನಿ."

ಚಿತ್ತಾಪುರದ ನಾಗೇಂದ್ರಪ್ಪನವರಿಗೆ ಅದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

"ತಿಳೀತು ಬಿಡವಾ," ಅಂದರು. "ಸೋಮವಾರ ಬಂದು ಉಳಿದ ಒಂಬತ್ತೂ ತಗೊಂಡು ಹೋಗು."