ಅಳೆಯದ ಮಳೆ

ಗುರುಲಿಂಗಯ್ಯ ಮಾಸ್ತರರು ಶಾಲೆಯಿಂದ ನಿವೃತ್ತರಾಗಿದ್ದರು, ಅಂಕಿಗಳಿಂದ ಆಗಿರಲಿಲ್ಲ. ಆಡಕಿಯ ಪಂಚಾಯಿತಿ ಹಿತ್ತಲಿನ ಮಳೆಮಾಪಕವನ್ನು ದಿನವೂ ಬೆಳಿಗ್ಗೆ ಎಂಟೂವರೆಗೆ ತೆರೆದು, ನೀರನ್ನು ಗಾಜಿನ ಅಳತೆಗೆ ಸುರಿದು, ಎಷ್ಟು ಮಿಲಿಮೀಟರೆಂದು ಹೊರಗಿನ ಹಲಗೆಯ ಮೇಲೆ ಬರೆಯುವ ಕೆಲಸ ಹನ್ನೆರಡು ವರ್ಷದಿಂದ ಅವರದು. ದೇಶದ ಸರಾಸರಿ ಮಳೆ ವರ್ಷಕ್ಕೆ ಸಾವಿರದ ನೂರರ ಮೇಲೆ, ನಮ್ಮ ಕಡೆಯದು ಏಳುನೂರು ಚಿಲ್ಲರೆ ಎಂದು ಕೇಳದವರಿಗೂ ಹೇಳುತ್ತಿದ್ದರು. ಊರಿಗೆ ಬೇಕಾದದ್ದು ಒಂದೇ ಲೆಕ್ಕ: ಮುಂಗಾರಿನ ಮೊತ್ತ ಅರವತ್ತು ದಾಟಿತೆಂದು ಮಾಸ್ತರರು ಬರೆದರೆ ತೊಗರಿ ಬಿತ್ತಬಹುದು.

ಈ ಜೂನಿನಲ್ಲಿ ಮೊತ್ತ ಇಪ್ಪತ್ತೆರಡಕ್ಕೆ ನಿಂತಿದ್ದಾಗ ಅವರು ತಂಗಿಯ ಮಗಳ ನಿಶ್ಚಯಕ್ಕೆಂದು ಚಿತ್ತಾಪುರಕ್ಕೆ ಹೋದರು. ಅಲ್ಲಿ ರಾತ್ರಿಯೆಲ್ಲ ಮಳೆ ಹೊಡೆದು ಶಾಮಿಯಾನ ಕುಸಿಯಿತು. ಮರುದಿನ ಸಂಜೆ ಬಸ್ಸಿಳಿದರೆ ಆಡಕಿಯ ದಾರಿಯೂ ಕೆಸರು. ಮಾಪಕದ ಬೀಗದ ಕೈ ಮನೆಯಲ್ಲಿತ್ತು, ಹಲಗೆ ಎದುರಿಗೇ ಇತ್ತು. ಚಿತ್ತಾಪುರದ ಮಳೆಯನ್ನು ನೆನೆದು ನಿಂತಲ್ಲೇ ಬರೆದರು: ನಲವತ್ತೆರಡು, ಮೊತ್ತ ಅರವತ್ತನಾಲ್ಕು.

ಬೆಳಿಗ್ಗೆ ಮಾಪಕ ತೆರೆದಾಗ ಇದ್ದದ್ದು ಹನ್ನೊಂದು. ಅಷ್ಟರಲ್ಲಿ ಬಿತ್ತುವ ಕೂರಿಗೆಗಳು ಹೊಲ ಸೇರಿದ್ದವು. ಮಾಸ್ತರರು ಆ ಹನ್ನೊಂದನ್ನು ದಾಸವಾಳದ ಬುಡಕ್ಕೆ ಚೆಲ್ಲಿ ಗಾಜು ಒರೆಸಿಟ್ಟರು. ಹೇಗೂ ಮಳೆ ಬರುತ್ತದೆ, ಲೆಕ್ಕ ತಾನೇ ಸರಿಹೋಗುತ್ತದೆ. ಸರಾಸರಿಯನ್ನು ನಂಬಿದವರಿಗೆ ಇಂಥ ಧೈರ್ಯ ಬೇಗ ಬರುತ್ತದೆ.

ಹದಿನೆಂಟು ದಿನ ಮಳೆ ಬರಲಿಲ್ಲ. ಮೇಲ್ಮಣ್ಣಿನ ಹಸಿಗೆ ಉಬ್ಬಿದ ಬೀಜ ಒಳಗೇ ಸತ್ತಿತು. ಊರು ಮಳೆಯನ್ನು ಬೈಯಲಿಲ್ಲ, ಅದು ಹಲಗೆಯ ಮೇಲೆ ಸಾಕಷ್ಟು ಬಿದ್ದಿತ್ತು. ಮಾಣಿಕಮ್ಮನನ್ನು ಬೈಯಿತು. ಬೂದಿ ಹಚ್ಚಿ ಗಡಿಗೆಯಲ್ಲಿ ಕಾಪಿಟ್ಟ ಅವಳ ತೊಗರಿ ಬೀಜವನ್ನು ಹದಿನಾಲ್ಕು ಮನೆಯವರು ಒಯ್ದು ಬಿತ್ತಿದ್ದರು.

ಮಾಣಿಕಮ್ಮ ಸೆರಗಿನಲ್ಲಿ ಒಂದು ಹಿಡಿ ಬೀಜ ಕಟ್ಟಿಕೊಂಡು ಮಾಸ್ತರರ ಬಾಗಿಲಿಗೇ ಬಂದಳು.

“ಮಾಸ್ತರ, ನೀವು ಓದಿದವ್ರು. ಇವು ಸತ್ತಾವೋ ಬದಕ್ಯಾವೋ ನೋಡಿ ಹೇಳ್ರಿ. ನಮ್ಮತ್ತಿ ಕಾಲದಿಂದ ಬಂದ ಬೀಜ. ಸತ್ತಿದ್ರ ಗಡಗಿ ಸಮೇತ ತಿಪ್ಪಿಗಿ ಸುರೀತೀನಿ.”

ಮಾಸ್ತರರು ನೂರು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರು. ನೀರು ಚಿಮುಕಿಸುವಾಗೆಲ್ಲ, ಇವು ಮೊಳೆಯದಿದ್ದರೆ ಎಷ್ಟು ಚೆನ್ನ ಎಂಬ ಆಸೆ ಒಳಗೆ ಮಿಸುಕುತ್ತಿತ್ತು. ಅದು ಆಸೆಯೆಂದು ಗೊತ್ತಾದ ದಿನ ಅವರಿಗೆ ಊಟ ಸೇರಲಿಲ್ಲ. ಐದನೆಯ ದಿನ ಬಿಚ್ಚಿದರೆ ತೊಂಬತ್ತಾರು ಮೊಳಕೆ.

“ಇಷ್ಟ ಛಲೋ ಬಂದಾವ. ನೀವ್ಯಾಕ್ರಿ ಸತ್ತವರ ಮನ್ಯಾಗ ಕುಂತಂಗ ಕುಂತೀರಿ?” ಎಂದರು ಹೆಂಡತಿ ಶರಣಬಸಮ್ಮ.

ಮಾಣಿಕಮ್ಮ ಬಂದು ಮೊಳಕೆ ನೋಡಿದಳು, ನಗಲಿಲ್ಲ. “ಹಂಗಾದ್ರ ಬೀಜ ಛಲೋ ಅವ. ನನ್ನ ಕೈಯಾಗೇ ಏನೋ ಐಬ ಅದ.”

“ಕೈ ಅಲ್ಲ, ಮಾಣಿಕಮ್ಮ. ಅವತ್ತ ಬಿದ್ದದ್ದು ಹನ್ನೊಂದ. ನಾ ನೋಡದೇ ನಲವತ್ತೆರಡ ಬರದೆ.”

ಅವಳು ಮೊಳಕೆಯ ಬಟ್ಟೆಯನ್ನು ಮತ್ತೆ ಸುತ್ತಿ ಅವರ ಕೈಗಿಟ್ಟಳು. “ನನಗ ಹೇಳಿದ್ರ ಏನ್ ಬಂತ್ರಿ? ಬೀಜಕ್ಕ ಕೆಟ್ಟ ಹೆಸರಿಟ್ಟವ್ರು ಕಟ್ಟಿ ಮ್ಯಾಲ ಕುಂತಾರ. ಅಲ್ಲಿ ಹೇಳ್ರಿ.”

ಇಬ್ಬರೂ ಹೋದರು. ಕಟ್ಟೆಯ ಮೇಲಿದ್ದ ಸಿದ್ಧಲಿಂಗ ಜಾಗ ಮಾಡಿದ. “ಬರ್ರಿ ಮಾಸ್ತರ, ಕುಂದ್ರಿ. ದೇಶದ ಸರಾಸರಿ ಎಲ್ಲೀತನಕ ಬಂತು?”

ಎಲ್ಲರೂ ನಕ್ಕರು. ಮಾಸ್ತರರು ಕೂರದೆ, ಬಟ್ಟೆ ಬಿಚ್ಚಿ ಮೊಳಕೆ ತೋರಿಸಿ, ಬಸ್ಸಿಳಿದ ಸಂಜೆಯಿಂದ ಹಿಡಿದು ಎಲ್ಲ ಹೇಳಿದರು. ನಗು ನಿಂತಿತು. ಬೈಯಲಿ ಎಂದು ಕಾದರು, ಯಾರೂ ಬೈಯಲಿಲ್ಲ. ಸಿದ್ಧಲಿಂಗ ಒಂದು ಮೊಳಕೆಯನ್ನು ಅಂಗೈಯಲ್ಲಿಟ್ಟು ನೋಡಿ, ಅವರನ್ನು ದಾಟಿ ಮಾಣಿಕಮ್ಮನ ಕಡೆ ತಿರುಗಿದ.

“ತಪ್ಪಾತಬೇ ಯವ್ವಾ. ಬೀಜ ಇನ್ನಾ ಉಳದಾವೇನು?”

“ಉಳದಾವ. ಗೇಣುದ್ದ ಅಗದು ನೋಡ್ರಿ. ಕೆಳಗ ಹಸಿ ಇದ್ರಷ್ಟೇ ಬಿತ್ರಿ.”

ಮೂರು ದಿನ ಬಿಟ್ಟು ಜೋರು ಮಳೆ ಬಂತು. ಮಾಸ್ತರರು ಎಂಟೂವರೆಗೆ ಸರಿಯಾಗಿ ಅಳೆದರು, ಅನುಮಾನ ಬಂದು ಇನ್ನೊಮ್ಮೆ ಅಳೆದರು: ಐವತ್ತಮೂರು. ಸಲಿಕೆ ಹೊತ್ತು ಹೊಲಕ್ಕೆ ಹೊರಟವರು ಎಂದಿನ ಮರ್ಯಾದೆಯಿಂದಲೇ ನಮಸ್ಕಾರ ಮಾಡಿ ಮುಂದೆ ಹೋದರು. ಎಷ್ಟು ಬಿತ್ತು ಎಂದು ಒಬ್ಬರೂ ಕೇಳಲಿಲ್ಲ.